ಕೂಡದ ಬೇಲಿ

ನಾನು ರಟ್ಟಿನ ಹೊದಿಕೆಯ ಒಂದು ನೋಟುಬುಕ್ಕು. ಗದಗಿನ ಪ್ರೆಸ್ಸೊಂದರಲ್ಲಿ ಹೊಲಿಗೆ ಹಾಕಿಸಿಕೊಂಡು ಹುಟ್ಟಿದೆ. ಹೈಸ್ಕೂಲಿನ ಗುರುಪಾದಪ್ಪ ಮಾಸ್ತರರ ಕೈಗೆ ಸಿಕ್ಕಿದ್ದು ನನ್ನ ಪುಣ್ಯ.

ಮಾಸ್ತರರಿಗೆ ಒಂದು ಹುಚ್ಚಿತ್ತು. ಪ್ರತಿ ಪರೀಕ್ಷೆಯಲ್ಲೂ ಬಿಡಿಸಲಾಗದ ಲೆಕ್ಕವೊಂದನ್ನು ಸೇರಿಸುತ್ತಿದ್ದರು. ‘ಇದು ಬರೋದಿಲ್ಲ’ ಎಂದು ಕಾರಣ ಕೊಟ್ಟು ಬರೆದವರಿಗೆ ಪೂರ್ತಿ ಅಂಕ. ಅಂಥ ಲೆಕ್ಕಗಳ ಪಕ್ಕ ನನ್ನ ಮೈಮೇಲೆ ಕೆಂಪು ಚುಕ್ಕೆ ಇಡುತ್ತಿದ್ದರು. ಒಟ್ಟು ಹನ್ನೆರಡು ಚುಕ್ಕೆ. ನಿವೃತ್ತಿಯ ದಿನ ನನ್ನನ್ನು ಹಳೆಯ ವಿದ್ಯಾರ್ಥಿನಿ ಮಹಾನಂದಾಳ ಕೈಗಿಟ್ಟರು.

ಆಕೆ ಈಗ ಧಾರವಾಡದಲ್ಲಿ ಪ್ರಾಧ್ಯಾಪಕಿ. ಮನುಷ್ಯರ ಹಾಗೆ ಮಾತಾಡುವ ಕಂಪ್ಯೂಟರು ಬಾರದ ಲೆಕ್ಕವನ್ನು ಬಾರದೆಂದು ಗುರುತಿಸುತ್ತದೆಯೇ ಎಂದು ಪರೀಕ್ಷಿಸಲು ನನ್ನ ಲೆಕ್ಕಗಳನ್ನೇ ಕೊಟ್ಟಳು. ಅಯ್ಯೋ, ಅದರ ಬಾಯಿ! ಹನ್ನೆರಡು ಚುಕ್ಕೆ ಲೆಕ್ಕಗಳಲ್ಲಿ ಒಂಬತ್ತಕ್ಕೆ ಬೆಣ್ಣೆಯಂಥ ಮಾತಿನಲ್ಲಿ ಉತ್ತರ ಹೇಳಿಬಿಟ್ಟಿತು. ನನಗೆ ನಗು ತಡೆಯಲಾಗಲಿಲ್ಲ.

ಆದರೆ ಚುಕ್ಕೆಯಿಲ್ಲದ ಒಂದು ಲೆಕ್ಕಕ್ಕೆ ಅದು, ‘ಇಂಥ ತ್ರಿಕೋನ ಇರಲಾರದು’ ಎಂದಿತು. ತ್ರಿಕೋನ ಹಿತ್ತಲಿನ ಎರಡು ಬದಿ ನಾಲ್ಕು ನಾಲ್ಕು ಗಜ, ಮೂರನೆಯದು ಒಂಬತ್ತು ಗಜ. ಬೇಲಿ ಎಷ್ಟು ಉದ್ದ? ಮಾಸ್ತರರು ಕೂಡಿಸಿ ಬರೆದಿಟ್ಟ ಉತ್ತರ ಹದಿನೇಳು.

“ತಪ್ಪು ಅಂತ ಹಾಕ್ರಿ ಮೇಡಂ,” ಎಂದ ಈ ಕೆಲಸದಲ್ಲಿ ಅವಳಿಗೆ ನೆರವಾಗುತ್ತಿದ್ದ ವಿದ್ಯಾರ್ಥಿ. ಮಹಾನಂದಾಳ ಕೈ ಏಳಲಿಲ್ಲ. ಒಂಬತ್ತನೆಯ ತರಗತಿಯಲ್ಲಿ ‘ಈ ಬೇಲಿ ಕೂಡೋದಿಲ್ಲ’ ಎಂದು ಬರೆದು ಸೊನ್ನೆ ತಂದವಳು ಅವಳೇ. ಇಷ್ಟು ವರ್ಷ ಆ ಪುಟ ಬಂದರೆ ಸರಕ್ಕನೆ ಮಗುಚುತ್ತಿದ್ದಳು. ಈಗ ಅದೇ ಸೊನ್ನೆಯನ್ನು ತಾನೇ ಹಾಕಬೇಕೇ? ಹಾಕದಿದ್ದರೆ ಗುರುವಿಗೇ ತಿರುಮಂತ್ರ. ಮುದುಕರ ಮನಸ್ಸು ನೊಂದೀತೆಂದು ಅಳುಕುತ್ತಲೇ ನನ್ನನ್ನು ಎತ್ತಿಕೊಂಡು ಗದಗಿಗೆ ಬಂದಳು.

ಮಾಸ್ತರರು ನನ್ನ ಹಾಳೆಯ ಮೇಲೆ ಒಂಬತ್ತು ಸೆಂಟಿಮೀಟರಿನ ಗೆರೆ ಎಳೆದರು. ಕೈವಾರ ಹಿಡಿದು ಎರಡೂ ತುದಿಯಿಂದ ನಾಲ್ಕರ ಕಮಾನು ಹಾಕಿದರು. ಅವು ಒಂದನ್ನೊಂದು ಮುಟ್ಟಲಿಲ್ಲ. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಅಳೆದು ನೋಡಿದರು.

“ಯವ್ವಾ, ಅವತ್ತ ಯಾಕ ಜಗಳಾ ತೆಗೀಲಿಲ್ಲ?”

“ನೀವು ತಪ್ಪೋದಿಲ್ಲ ಅಂದ್ಕೊಂಡಿದ್ನಿರಿ ಸರ್.”

“ಹಂಗಾದ್ರ ನಾ ಕಲಿಸಿದ್ದ ಅರ್ಧಾ ಆತು. ಕೆಂಪು ಪೆನ್ ಕೊಡು.”

ಹದಿಮೂರನೆಯ ಚುಕ್ಕೆ ಇಟ್ಟು ಪಕ್ಕದಲ್ಲಿ ಬರೆದರು: ‘ಮಹಾನಂದಾ, ಐದಕ್ಕೆ ಐದು.’ ಐವತ್ತರ ಆ ಹೆಂಗಸು ಶಾಲೆಯ ಹುಡುಗಿಯ ಹಾಗೆ ಅತ್ತಳು.

ಈಗ ನಾನು ಅವಳ ಕಪಾಟಿನಲ್ಲಿದ್ದೇನೆ. ಅಂಚು ಸವೆದಿದೆ, ಹೊಲಿಗೆ ಸಡಿಲಾಗಿದೆ. ಯಂತ್ರಕ್ಕೆ ಅವಳು ಕೊಟ್ಟದ್ದು ಹದಿಮೂರಕ್ಕೆ ನಾಲ್ಕು. ಪಾಸಾಗಲಿಲ್ಲ, ಪಾಪ. ಆದರೆ ಆ ನಾಲ್ಕರಲ್ಲಿ ಒಂದಕ್ಕೆ ನಾನು ಎಂದೆಂದಿಗೂ ಋಣಿ.