ಒಂದೇ ಟೇಬಲ್ಲಿನ ಆಸ್ಪತ್ರೆ

ಹೆರಿಗೆ ವಾರ್ಡಿನ ದೊಡ್ಡ ಸಿಸ್ಟರನ್ನು ಎದುರಿಗೆ ಎಲ್ಲರೂ ಸಿಸ್ಟರಮ್ಮ ಅನ್ನುತ್ತಿದ್ದರು, ಬೆನ್ನ ಹಿಂದೆ ಗುಡುಗು. ಅದು ಅವಳಿಗೂ ಗೊತ್ತಿತ್ತು. "ಗುಡುಗದೆ ಇದ್ರೆ ಈ ಸಂತೇಲಿ ಯಾರ ಕಿವಿಗೆ ಬೀಳುತ್ತೆ?" ಎಂದು ಆಯಾ ಮುಂದೆ ತಾನೇ ನಗುತ್ತಿದ್ದಳು.

ಸಂತೆ ಅಂದದ್ದರಲ್ಲಿ ಸುಳ್ಳೇನಿಲ್ಲ. ಊರಾಚೆ ಬಟ್ಟೆ ಕಾರ್ಖಾನೆಗಳು ಸಾಲಾಗಿ ಎದ್ದವು ನೋಡಿ, ಜನ ಬಂದರು. ಬಸ್ಸಿನಲ್ಲಿ, ಲಾರಿಯಲ್ಲಿ, ತಲೆ ಮೇಲೆ ಗಂಟು, ಕಂಕುಳಲ್ಲಿ ಕೂಸು. ಕಾರ್ಖಾನೆಗೆ ಕೈ ಬೇಕಿತ್ತು, ಕೈ ಬಂತು. ಕೈಯ ಜೊತೆಗೆ ಹೊಟ್ಟೆಯೂ ಬರುತ್ತದೆ, ಆಮೇಲೆ ಬಸಿರೂ ಬರುತ್ತದೆ ಎನ್ನುವುದು ಯಾವ ಪುಣ್ಯಾತ್ಮನ ತಲೆಗೂ ಹೊಳೆಯಲಿಲ್ಲ. ನಲ್ಲಿ ಅದೇ, ಚರಂಡಿ ಅದೇ, ಆಸ್ಪತ್ರೆಯೂ ಅದೇ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಇಷ್ಟರ ನಡುವೆ ಪುರಸಭೆಯವರು ಮಾಡಿದ ಘನಂದಾರಿ ಕೆಲಸವೆಂದರೆ ಊರ ಬಾಗಿಲಿಗೆ ಬಣ್ಣದ ದೀಪದ ಕಮಾನು ಕಟ್ಟಿಸಿದ್ದು.

ವಾರ್ಡಿನಲ್ಲಿ ಮಂಚಕ್ಕೆ ಇಬ್ಬರು ಮಲಗುತ್ತಿದ್ದರು, ಒಬ್ಬಳ ತಲೆಯ ಹತ್ತಿರ ಇನ್ನೊಬ್ಬಳ ಕಾಲು. ಮಂಚದ ಕೆಳಗೂ ಚಾಪೆ. ಸಲೈನ್ ಬಾಟಲಿ ನೇತುಹಾಕುವ ಕಂಬ ಸಾಲದೆ ಕಿಟಕಿ ಸರಳಿಗೆ ಕಟ್ಟುತ್ತಿದ್ದರು. ಆಪರೇಷನ್ ಮಾಡುವ ಟೇಬಲ್ಲು ಮಾತ್ರ ಒಂದೇ, ಮಾಡುವ ಡಾಕ್ಟರಮ್ಮನೂ ಒಬ್ಬಳೇ. ಮುಂದಿನ ಸರದಿ ಯಾರದು ಅಂತ ಬಾಗಿಲಲ್ಲಿ ದಿನಾ ಜಗಳ. ಒಮ್ಮೆ ಇಬ್ಬರು ಗಂಡಂದಿರು ಕೊರಳಪಟ್ಟಿ ಹಿಡಿದುಕೊಂಡು ಔಷಧಿ ಗಾಡಿಯನ್ನೇ ಉರುಳಿಸಿದ ಮೇಲೆ ಸಿಸ್ಟರಮ್ಮ ಒಂದು ಕೆಂಪು ಬಟ್ಟೆ ಹರಿದು ಪಟ್ಟಿ ಮಾಡಿದಳು. ಅದು ಯಾರ ಮಣಿಕಟ್ಟಿನಲ್ಲಿದೆಯೋ ಅವಳೇ ಮುಂದೆ ಒಳಗೆ ಹೋಗುವವಳು. ಯಾರ ಪ್ರಾಣಕ್ಕೆ ಹೆಚ್ಚು ಕುತ್ತೋ ಅವಳಿಗೆ ಕಟ್ಟುವುದು. ಒಮ್ಮೆ ಕಟ್ಟಿದ ಮೇಲೆ ಬ್ರಹ್ಮ ಬಂದರೂ ಬಿಚ್ಚುವಂತಿಲ್ಲ. ಪುರಸಭೆ ಅಧ್ಯಕ್ಷರ ಸೊಸೆಯನ್ನೇ ಕಾಯಿಸಿದ್ದಳು, ಗಟ್ಟಿಗಿತ್ತಿ! ಡಾಕ್ಟರಮ್ಮ ಪಟ್ಟಿ ನೋಡಿ ಕರೆದುಕೊಳ್ಳುತ್ತಿದ್ದಳೇ ಹೊರತು ಯಾಕೆ ಏನು ಅಂತ ಕೇಳುತ್ತಿರಲಿಲ್ಲ.

ಊರಿನವರಿಗೆಲ್ಲ ಪಟ್ಟಿಯ ವಿಷಯ ಬಾಯಿಪಾಠವಾಗಿತ್ತು. ಹೊಸಬರಿಗೆ ಹೇಳುವವರು ಯಾರು? ದಿನಕ್ಕೊಂದು ಹೊಸ ಮುಖ. ಸಿಸ್ಟರಮ್ಮನಿಗೆ ಅವರನ್ನು ಕಂಡರೆ ಅಷ್ಟಕ್ಕಷ್ಟೇ. ನೀರು ಹೋದರೆ ಅವರಿಂದ, ಕರೆಂಟು ಹೋದರೆ ಅವರಿಂದ, ಬಸ್ಸಲ್ಲಿ ಕಾಲಿಡಲು ಜಾಗವಿಲ್ಲದಿದ್ದರೆ ಅದೂ ಅವರಿಂದಲೇ. ಬಾಯಿ ತುಂಬ ಬಯ್ಯುತ್ತಿದ್ದಳು. ಆದರೆ ಪಟ್ಟಿ ಕಟ್ಟುವಾಗ ಇವಳು ನಮ್ಮವಳು, ಇವಳು ಹೊರಗಿನವಳು ಅಂತ ಒಂದು ದಿನವೂ ನೋಡಿದವಳಲ್ಲ. ಆ ಮಾತನ್ನು ಶತ್ರುವೂ ಒಪ್ಪಬೇಕು.

ಆ ದಿನ ಬೆಳಗ್ಗೆ ಕಾರ್ಖಾನೆಯಲ್ಲಿ ಹೊಲಿಗೆ ಮಾಡುವ ಹುಡುಗಿಯೊಬ್ಬಳು ಬಂದಳು. ಚೊಚ್ಚಲು. ಜೊತೆಗೆ ತಾಯಿ. ಸಿಸ್ಟರಮ್ಮ ಹೊಟ್ಟೆಯ ಮೇಲೆ ಕೈಯಿಟ್ಟು ಮಗುವಿನ ಎದೆಬಡಿತ ಕೇಳಿದಳು. ನೋವು ಬಂದಾಗೆಲ್ಲ ಬಡಿತ ಕುಸಿಯುತ್ತಿತ್ತು, ಮತ್ತೆ ಏಳುವುದಕ್ಕೆ ತುಂಬ ಹೊತ್ತು ತೆಗೆದುಕೊಳ್ಳುತ್ತಿತ್ತು. ಮರುಮಾತಿಲ್ಲದೆ ಪಟ್ಟಿ ಕಟ್ಟಿದಳು.

"ಇದ್ಯಾಕೆ ಸಿಸ್ಟರಮ್ಮಾ?" ತಾಯಿ ಕೇಳಿದಳು.

"ಅಪಾಯ ಇದೆ ಅಂತ. ಸುಮ್ನೆ ಕೂತ್ಕೊ, ತಲೆ ತಿನ್ಬೇಡ."

ಒಳಗೆ ಒಂದು ಆಪರೇಷನ್ ನಡೆಯುತ್ತಿತ್ತು. ಅದು ಮುಗಿದರೆ ಇವಳೇ. ಅಷ್ಟರಲ್ಲಿ ಬಾಗಿಲಲ್ಲಿ "ಅಕ್ಕಾ!" ಅನ್ನುವ ಕೂಗು ಕೇಳಿ ಸಿಸ್ಟರಮ್ಮ ತಿರುಗಿ ನೋಡಿದಳು. ಅವಳ ಒಡಹುಟ್ಟಿದ ತಂಗಿ. ಅಮ್ಮ ಸತ್ತಾಗ ತೊಟ್ಟಿಲಲ್ಲಿದ್ದವಳು, ಇವಳೇ ಎತ್ತಿ ಆಡಿಸಿ ಬೆಳೆಸಿದವಳು. ಮದುವೆಯಾದ ಮೇಲೆ ನಿಂತ ಬಸಿರೆಲ್ಲ ಇಳಿದುಹೋಗಿ, ತಲೆಗೂದಲು ನೆರೆಯುವ ಹೊತ್ತಿಗೆ ಇದೊಂದು ಉಳಿದಿತ್ತು. ಮಗು ಹೊಟ್ಟೆಯಲ್ಲಿ ಅಡ್ಡ ತಿರುಗಿದ್ದರಿಂದ ಮುಂದಿನ ವಾರ ಆಪರೇಷನ್ ಅಂತ ಗೊತ್ತುಮಾಡಿದ್ದರು. ಈಗ ಇದ್ದಕ್ಕಿದ್ದಂತೆ ನೋವು ಶುರುವಾಗಿತ್ತು.

ಮಂಚ ಎಲ್ಲಿ ಖಾಲಿ ಇದೆ? ಹೊಲಿಗೆಯ ಹುಡುಗಿ ತಾನಾಗಿಯೇ ಗೋಡೆಗೆ ಒತ್ತಿಕೊಂಡು ಸರಿದಳು. "ಬನ್ನಿ ಅಕ್ಕ, ನಾನು ಕಡ್ಡಿ ಥರ ಇದೀನಿ, ಜಾಗ ಆಗುತ್ತೆ."

ಸಿಸ್ಟರಮ್ಮ ತಂಗಿಯ ಹೊಟ್ಟೆ ಮುಟ್ಟಿ ನೋಡಿದಳು. ನೋವು ಎಳಸು. ಬಡಿತ ಗಟ್ಟಿಯಾಗಿ, ಒಂದೇ ಸಮನೆ ಇತ್ತು. ಎಚ್ಚರದಿಂದ ನೋಡಿಕೊಂಡರೆ ಸ್ವಲ್ಪ ಹೊತ್ತು ಕಾಯಬಹುದು. ಇದು ಅವಳಿಗೆ ಹಗಲಿನಷ್ಟು ಸ್ಪಷ್ಟವಾಗಿ ಗೊತ್ತಿತ್ತು. ಮುಂದೆ ನಡೆದದ್ದಕ್ಕೆ ಗೊತ್ತಿರಲಿಲ್ಲ ಅನ್ನುವ ನೆಪ ಅವಳಿಗಿಲ್ಲ.

ತಂಗಿಯ ಕಣ್ಣು ಪಕ್ಕದವಳ ಮಣಿಕಟ್ಟಿಗೆ ಹೋಯಿತು. ಊರಿನವಳಲ್ಲವೇ, ತಿಳಿಯಿತು.

"ಅಕ್ಕಾ, ಮುಂದೆ ಇವಳಾ?" ಪಿಸುಗುಟ್ಟಿದಳು.

"ಅವಳಾದ ತಕ್ಷಣ ನೀನೇ. ನಿಂಗೇನೂ ಆಗಲ್ಲ, ನಾನಿಲ್ವಾ?"

"ಪ್ರತಿ ಸಲ ಹಂಗೇ ಅಂದ್ರಿ ಎಲ್ಲಾರೂ. ಏನೂ ಆಗಲ್ಲ, ಏನೂ ಆಗಲ್ಲ." ತಂಗಿ ಅವಳ ಕೈಯನ್ನು ಉಗುರು ಊರುವಷ್ಟು ಬಿಗಿಯಾಗಿ ಹಿಡಿದಳು. "ಇದೂ ಹೋದ್ರೆ ನಾನು ಉಳಿಯಲ್ಲ ಅಕ್ಕ, ಈಗ್ಲೇ ಹೇಳ್ತೀನಿ. ನಿನ್ನ ಆಸ್ಪತ್ರೇಲಿ, ನಿನ್ನ ಕಣ್ಣೆದುರಿಗೆ, ಎಲ್ಲಿಂದಲೋ ಬಂದೋಳ ಹಿಂದೆ ನಾನು ಕಾಯ್ಬೇಕಾ?"

ಆಗ ಒಳಗಿನ ಬಾಗಿಲು ತೆರೆಯಿತು. "ಸಿಸ್ಟರ್, ಮುಂದಿನೋರನ್ನ ಕಳ್ಸಿ!" ಎಂದಳು ಡಾಕ್ಟರಮ್ಮ.

ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡಿದರು ಅನ್ನುತ್ತಾರಲ್ಲ, ತಳ್ಳುವವರ ಕೈ ನಡುಗುತ್ತದೋ ಇಲ್ಲವೋ ಯಾರೂ ಹೇಳುವುದಿಲ್ಲ. ಸಿಸ್ಟರಮ್ಮನ ಬೆರಳು ಗಂಟು ಬಿಚ್ಚಲು ಬರದೆ ಎರಡು ಸಲ ಜಾರಿತು. ಪಟ್ಟಿ ಬಿಚ್ಚಿ, ಅದೇ ಮಂಚದ ಮೇಲೆ ಹುಡುಗಿಯ ಕೈಯಿಂದ ತಂಗಿಯ ಕೈಗೆ ಕಟ್ಟಿದಳು.

"ನಂಗೆ ಹುಷಾರಾಯ್ತಾ ಸಿಸ್ಟರಮ್ಮ?" ಹುಡುಗಿ ಬೆವರಿದ ಮುಖದಲ್ಲೇ ನಕ್ಕಳು.

"ಹ್ಞೂಂ. ಮಲ್ಕೊ."

ತಾಯಿ ಎದ್ದು ಮಗಳ ಹಣೆ ಸವರಿ, ದೇವರು ದೊಡ್ಡವನು ಅಂದಳು.

ತಂಗಿಯನ್ನು ಒಳಗೆ ಕರೆದೊಯ್ದ ಸಿಸ್ಟರಮ್ಮ ಹಿಂದಕ್ಕೆ ಬರಲಿಲ್ಲ. ವಾರ್ಡಿಗೆ ಬರಬೇಕಿತ್ತು, ಅದು ಅವಳ ಕೆಲಸ. ತಂಗಿ ಕೈ ಬಿಡಲಿಲ್ಲ ಅಂತ ತನಗೆ ತಾನೇ ಹೇಳಿಕೊಂಡಳು. ಹೊಟ್ಟೆಯೊಳಗೆ ಹಿಂದಿನ ಆಪರೇಷನ್ನುಗಳ ಗಾಯಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಡಾಕ್ಟರಮ್ಮನಿಗೆ ಅಂದುಕೊಂಡದ್ದಕ್ಕಿಂತ ಬಹಳ ಹೊತ್ತಾಯಿತು. ಕಡೆಗೆ ಗಂಡು ಮಗು ಕಿಟಾರನೆ ಕಿರುಚಿದಾಗ ಸಿಸ್ಟರಮ್ಮ ಮುಖಗವಸು ನೆನೆಯುವಷ್ಟು ಅತ್ತಳು. ಆ ಒಂದು ಗಳಿಗೆ ಹುಡುಗಿಯ ನೆನಪೇ ಅವಳಿಗೆ ಬರಲಿಲ್ಲ.

ಹೊರಗೆ ಬಂದಾಗ ಹುಡುಗಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಉಸಿರಿತ್ತು, ಮಾತಿರಲಿಲ್ಲ. ಹಾಸಿಗೆ ಒದ್ದೆ. ತಾಯಿ ಪಕ್ಕದಲ್ಲಿಲ್ಲ. ಆಯಾ ಇನ್ನೊಂದು ಮೂಲೆಯಲ್ಲಿ ಇನ್ಯಾರದೋ ಹೆರಿಗೆಗೆ ನಿಂತಿದ್ದಳು. ಸಿಸ್ಟರಮ್ಮ ಹೊಟ್ಟೆಯ ಮೇಲೆ ಅಲ್ಲಿ ಇಲ್ಲಿ ಒತ್ತಿ ಎದೆಬಡಿತ ಹುಡುಕಿದಳು. ಹುಡುಗಿಯ ಎದೆಬಡಿತವೇ ಸಿಕ್ಕಿತು. ಇನ್ನೊಂದು ಸಿಗಲಿಲ್ಲ.

ಹುಡುಗಿಯನ್ನು ಉಳಿಸಿಕೊಂಡರು. ಹೊರಗೆ ತೆಗೆದ ಹೆಣ್ಣು ಮಗು ಅಳಲಿಲ್ಲ.

"ಇವಳಿಗೆ ಯಾಕೆ ಮೊದ್ಲೇ ಪಟ್ಟಿ ಕಟ್ಲಿಲ್ಲ ಸಿಸ್ಟರ್?" ಕೈ ತೊಳೆಯುತ್ತ ಡಾಕ್ಟರಮ್ಮ ಕೇಳಿದಳು.

"ಆಗ ಚೆನ್ನಾಗೇ ಇದ್ಲು ಡಾಕ್ಟ್ರೇ."

"ನೀವೇ ನೋಡಿದ್ದೀರಿ ಅಂದ್ಮೇಲೆ ಸರಿ. ಹಣೆಬರಹ," ಎಂದು ಡಾಕ್ಟರಮ್ಮ ಹೊಸ ಕೈಗವಸು ಹಾಕಿಕೊಂಡಳು. ಇಷ್ಟು ವರ್ಷ ದುಡಿದು ಗಳಿಸಿದ ನಂಬಿಕೆ ಹೀಗೆ ಕೆಲಸಕ್ಕೆ ಬಂತು.

ವಾರ್ಡಿನ ಹೊರಗಿನ ಪಡಸಾಲೆಯಲ್ಲಿ ಹುಡುಗಿಯ ತಾಯಿ ಗೋಡೆಗೊರಗಿ ಕೂತಿದ್ದಳು. ಮಡಿಲಲ್ಲಿ ಬಿಳಿ ಬಟ್ಟೆಯ ಪುಟ್ಟ ಗಂಟು, ಪಕ್ಕದಲ್ಲಿ ನೀರು ತುಂಬಿದ ಬಾಟಲಿ. ಬಯ್ಯಲಿ, ಕೂದಲು ಹಿಡಿದು ಎಳೆಯಲಿ ಅಂತ ಸಿಸ್ಟರಮ್ಮ ಅವಳೆದುರು ಹೋಗಿ ನಿಂತಳು.

"ನಿಮ್ಮ ತಂಗಿಗೆ ಗಂಡು ಮಗುವಂತೆ," ಅಂದಳು ತಾಯಿ. "ಚೆನ್ನಾಗಿರ್ಲಿ."

ಸಿಸ್ಟರಮ್ಮ ಅವಳೆದುರು ಕುಕ್ಕರಿಸಿದಳು.

"ಒಂದು ಕೇಳ್ಲಾ? ನೀವು ಆ ಪಟ್ಟಿ ಬಿಚ್ಚಿದ್ರಲ್ಲ, ಅಪಾಯ ಕಳೀತು ಅಂದ್ಕೊಂಡೆ. ಬಾಯಾರಿಕೆ ಅಂದ್ಲು, ಇಲ್ಲಿ ನಲ್ಲೀಲಿ ನೀರು ಬರ್ತಿರ್ಲಿಲ್ಲ, ಬೀದಿ ನಲ್ಲಿಗೆ ಹೋದೆ. ಅಲ್ಲಿ ಹನುಮಂತನ ಬಾಲದಂಗೆ ಸಾಲು." ಅವಳು ಗಂಟಿನ ಬಟ್ಟೆಯ ಅಂಚು ಸರಿಮಾಡಿದಳು. "ನಾನು ಹೋಗ್ಬಾರ್ದಿತ್ತು ಅಲ್ವಾ? ಪಕ್ಕದಲ್ಲೇ ಇದ್ದು ಕೂಗಿದ್ದಿದ್ರೆ ಉಳ್ಕೊಳ್ತಿತ್ತು, ಅಲ್ವಾ ಸಿಸ್ಟರಮ್ಮ?"

ಒಂದೇ ಒಂದು ಮಾತು ಹೇಳಬೇಕಿತ್ತು. ನಿಂದಲ್ಲ ತಾಯಿ, ನಂದು ಅಂತ. ನಾಲಿಗೆಯ ತುದಿಗೆ ಬಂತು ಕೂಡ. ಅಷ್ಟರಲ್ಲಿ ಒಳಗೆ ತಂಗಿಯ ಮಗು ಅತ್ತಿತು, ಆಯಾ ಬಾಗಿಲಿಂದ ತಲೆ ಹಾಕಿ ಇಬ್ಬರನ್ನೂ ನೋಡಿದಳು.

"ಹೌದಮ್ಮ," ಅಂದಳು ಸಿಸ್ಟರಮ್ಮ. "ನೀನು ಇಲ್ಲೇ ಇರ್ಬೇಕಿತ್ತು."

ತಾಯಿ ತಲೆಯಾಡಿಸಿದಳು. ಗಂಟನ್ನು ಎದೆಗವಚಿಕೊಂಡು ಎದ್ದು, ನೀರಿನ ಬಾಟಲಿ ತೆಗೆದುಕೊಂಡು, ಆ ಮಾತನ್ನೇ ಮಗಳಿಗೆ ಹೇಳಲು ಒಳಗೆ ಹೋದಳು.