ಸೇತುವೆ ಇಳಿದ ಮೇಲೆ

ಕುದುರೆಯ ಮೇಲೆ ಕೂತೇ ಹಗ್ಗದ ಗೇಟನ್ನು ಕೈಬಿಡದೆ ತೆರೆದು ಮುಚ್ಚಿದ್ದಾಯಿತು. ಹಲಗೆಯ ಸೇತುವೆ ಇಳಿದದ್ದೇ ತಡ, ಮಾರ್ಲಿಸಳ ತಲೆ ಖಾಲಿಯಾಯಿತು. ಎಡಗಡೆ ನೆಲದ ಮೇಲಿಟ್ಟ ಕಂಬಗಳ ನಡುವೆ ಕುದುರೆಯನ್ನು ಹಿಂದಕ್ಕೆ ನಡೆಸಬೇಕೋ, ಬಲಗಡೆ ಮರದ ದಿಮ್ಮಿಯ ಮೇಲೆ ಅಡ್ಡಡ್ಡ ಸರಿಸಬೇಕೋ? ಬೆಳಗಿನಿಂದ ಗೋಡೆಗೆ ಅಂಟಿಸಿದ ಅಡೆತಡೆಗಳ ನಕ್ಷೆಯ ಮುಂದೆ ನಿಂತು, ಗಾಳಿಯಲ್ಲಿ ಬೆರಳಾಡಿಸುತ್ತ ಬಾಯಿಪಾಠ ಮಾಡಿದ್ದಳು. ಹಾಳಾದ್ದು, ಬೇಕಾದಾಗಲೇ ಮಂಗಮಾಯ!

ಕಳೆದ ಚಳಿಗಾಲ ಮಂಜುಗಡ್ಡೆಯ ಮೇಲೆ ಜಾರಿ ತಲೆಗೆ ಪೆಟ್ಟು ಬಿದ್ದಾಗಿನಿಂದ ಹೀಗೆಯೇ. ಒಲೆ ಆರಿಸುವುದನ್ನು ಮರೆಯುತ್ತಾಳೆ. ಒಮ್ಮೆಯಂತೂ ಹುಲ್ಲುಗಾವಲಿಗೆ ಕುದುರೆ ಹತ್ತಿ ಹೋದವಳು ಮನೆಯ ದಾರಿ ತಿಳಿಯದೆ ಸಂಜೆವರೆಗೆ ಅಲೆದಿದ್ದಳು. ಕುದುರೆ ಪೆಪ್ಪರನ್ನು ಮಾರಿಬಿಡೋಣ ಎಂದು ಮಗಳು ಕೆಂದ್ರಾ ಆವತ್ತೇ ಪಟ್ಟು ಹಿಡಿದಳು. ಜಗಳವಾಡಿ, ಅತ್ತು, ಕೊನೆಗೆ ಇಬ್ಬರೂ ಒಂದು ಮಾತಿಗೆ ಬಂದಿದ್ದರು.

"ಕೌಂಟಿ ಸ್ಪರ್ಧೇಲಿ ಹತ್ತೂ ಅಡೆತಡೆ ಸರದಿ ತಪ್ಪದೆ ನೀನೇ ನೆನಪಿಟ್ಕೊಂಡು ದಾಟು, ಕುದುರೆ ನಿಂದೇ. ಒಂದು ತಪ್ಪಿದ್ರೂ ಸವಾರಿ ಸಾಕು. ಆಯ್ತಾ?"

"ನಲವತ್ತು ವರ್ಷದಿಂದ ಮಾಡ್ತಿರೋದು ಕಣೇ. ನಿನಗೆ ನಡಿಯೋಕೆ ಕಲಿಸಿದವಳಿಗೇ ದಾರಿ ಹೇಳ್ತೀಯಾ?" ಎಂದು ಮಾರ್ಲಿಸ್ ಬೀಗಿದ್ದಳು.

ಆ ಬಿಗುಮಾನ ಈಗ ಎಲ್ಲಿ ಹೋಯಿತೋ. ಪೆಪ್ಪರ್ ಎಡಕ್ಕೆ ಒಂದು ಹೆಜ್ಜೆ ಇಟ್ಟಿತು. ಅವಳು ಲಗಾಮು ಬಿಗಿದಳು. ಕುದುರೆ ಊಹಿಸಿದ ದಾರಿಗೆ ಬೀಳುವುದೇ ದೊಡ್ಡ ತಪ್ಪು ಎಂದು ಎಷ್ಟು ಮಂದಿಗೆ ಪಾಠ ಹೇಳಿದ್ದಾಳೋ. ಆದರೆ ಅದರ ಊಹೆ ಸರಿಯಿದ್ದರೆ? ತೀರ್ಪುಗಾರ ಪೆನ್ನು ಹಿಡಿದು ಕಾಯುತ್ತಿದ್ದ. ಬೇಲಿಯಾಚೆ ಪಿಟ್ಟೆನ್ನುವವರಿಲ್ಲ. ಹೊರಗಿನವರು ಬಾಯಿ ಬಿಟ್ಟು ದಾರಿ ಹೇಳಿದರೆ ಸವಾರ ಕಣದಿಂದ ಹೊರಕ್ಕೆ. ಅದು ಹಸುಗೂಸಿಗೂ ಗೊತ್ತು.

ಅವಳ ಕಣ್ಣು ತುಂಬಿತು. ಆದದ್ದಾಗಲಿ ಎಂದು ಇನ್ನೇನು ಲಗಾಮು ಸರಿಸಬೇಕು, ಅಷ್ಟರಲ್ಲಿ ಕೂಗು ಕೇಳಿತು.

"ಎಡಕ್ಕೆ, ಅಮ್ಮಾ! ಎಡಕ್ಕೆ!"

ಕೆಂದ್ರಾ! ಬೇಲಿ ಹತ್ತಿ ನಿಂತಿದ್ದವಳು ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡಳು. ತೀರ್ಪುಗಾರ ನಿಟ್ಟುಸಿರು ಬಿಟ್ಟು ಟೋಪಿ ಮುಟ್ಟಿದ. "ಕ್ಷಮಿಸಿ ಮೇಡಂ. ಇನ್ನು ನೀವು ಹೊರಡಬಹುದು."

ಕಣದ ಹೊರಗೆ ಮಗಳು ಓಡಿಬಂದಳು.

"ನನ್ನ ಬಾಯಿಗಿಷ್ಟು ಬೆಂಕಿ ಹಾಕ! ನೀನು ಹಾಗೆ ನಿಂತಿದ್ದು ನೋಡೋಕಾಗ್ಲಿಲ್ಲ ಅಮ್ಮ. ಎಡಕ್ಕೇ ಹೋಗ್ತಿದ್ದೆ ಅಲ್ವಾ? ನಿನಗೆ ಗೊತ್ತಿತ್ತು ತಾನೇ? ಗೊತ್ತಿತ್ತು ಅಂತ ಒಂದು ಮಾತು ಹೇಳು, ಕುದುರೆ ಎಲ್ಲೂ ಹೋಗಲ್ಲ."

ಹೇಳಿಬಿಟ್ಟರೆ ಮುಗಿಯಿತು. ತನ್ನ ಕೈ ಯಾವ ಕಡೆಗೆ ತಿರುಗುತ್ತಿತ್ತು ಎಂದು ಮಾರ್ಲಿಸ್ ನೆನಪಿಸಿಕೊಳ್ಳಲು ನೋಡಿದಳು. ಎಷ್ಟು ತಡಕಾಡಿದರೂ ಮಗಳ ಕೂಗು ಬಿಟ್ಟು ಬೇರೇನೂ ಸಿಗಲಿಲ್ಲ.

"ಗೊತ್ತಿಲ್ಲ ಕಣೇ," ಎಂದಳು. "ಬಾ, ಸ್ವಲ್ಪ ಹಿಡ್ಕೋ. ಇಳೀತೀನಿ."

ಇಷ್ಟು ವರ್ಷ ಯಾರ ಆಸರೆಯೂ ಇಲ್ಲದೆ ಇಳಿದವಳು. ಕೆಂದ್ರಾ ಮುಂದೆ ಬರಲಿಲ್ಲ. ಕೈ ಕೊಟ್ಟರೆ ಅಮ್ಮನ ಸವಾರಿ ಅಲ್ಲಿಗೆ ಮುಗಿದಂತೆ ಎಂದು ಅವಳಿಗೆ ಗೊತ್ತಿತ್ತು. ಪೆಪ್ಪರ್ ಮಾತ್ರ ಅಲುಗಾಡದೆ ಕಾಯುತ್ತಿತ್ತು.