ಮೇಷ್ಟ್ರು ಕೊಟ್ಟ ಗುದ್ದಲಿ ಶಿಕ್ಷೆ

ಮಕ್ಕಳನ್ನು ಮಾತು ಕೇಳುವಂತೆ ಮಾಡುವುದು ಎಷ್ಟು ಕಷ್ಟ ಅಂತ ಹೆತ್ತವರನ್ನು ಕೇಳಿ. ಮನೆಯಲ್ಲಿ ಇಬ್ಬರಿದ್ದರೇ ತಲೆ ಕೆಟ್ಟುಹೋಗುತ್ತದೆ. ಇನ್ನು ಇಪ್ಪತ್ತನಾಲ್ಕು ಹುಡುಗರನ್ನು ಬಯಲಿಗೆ ಬಿಟ್ಟು ಕೈಗೆ ಗುದ್ದಲಿ ಕೊಟ್ಟರೆ ಕೇಳಬೇಕೆ?

ರೇಣುಕಯ್ಯನ ಪಾಡು ಅದೇ ಆಗಿತ್ತು. ಮಹಾರಾಜರ ಕಾಲದ ಮಾತು. ಮೇಷ್ಟ್ರ ಕೆಲಸದ ತರಬೇತಿಯಲ್ಲಿದ್ದ ಅವನನ್ನು ಐ.ಡಿ.ಹಳ್ಳಿ ಕಡೆಯ ಒಂದು ಊರಿನ ಶಾಲೆಗೆ ಬೇಸಾಯದ ಪಾಠ ಕಲಿಸಲು ಕಳಿಸಿದ್ದರು. ಶಾಲೆಯ ಹಿಂದೆ ಹತ್ತು ಗುಂಟೆ ಕಡಲೆಕಾಯಿ ಹೊಲ. ಅಲ್ಲಿ ಒಬ್ಬ ಮಣ್ಣುಹೆಂಟೆ ಎಸೆದರೆ, ಇನ್ನೊಬ್ಬ ಕಳೆಯ ಜೊತೆ ಗಿಡವನ್ನೂ ಕೀಳುತ್ತಿದ್ದ. ಕೂಗಿ ಕೂಗಿ ಗಂಟಲು ಕಟ್ಟಿದ ಮೇಲೆ ರೇಣುಕಯ್ಯ ಒಂದು ಉಪಾಯ ಹೂಡಿದ. ತಡವಾಗಿ ಬಂದವನು, ಮಗ್ಗಿ ಮರೆತವನು, ಗಲಾಟೆ ಮಾಡಿದವನು ಬಿಸಿಲಲ್ಲಿ ಅಗೆಯಬೇಕು. ಜಾಣರು ಹುಣಸೆಮರದ ನೆರಳಲ್ಲಿ ಕೂತು ಓದಬೇಕು. ಎಂಥ ಉಪಾಯ ನೋಡಿ!

ನಾಲ್ಕೇ ದಿನಕ್ಕೆ ಕಾಡಸಿದ್ದಪ್ಪ ಎಂಬ ರೈತ ಬಂದು ಮಗನನ್ನು ಮನೆಗೆ ಎಳೆದುಕೊಂಡು ಹೋದ. ಅವನನ್ನು ನೋಡಿ ಇನ್ನೂ ಎಂಟು ಮನೆಯವರು ಮಕ್ಕಳನ್ನು ಬಿಡಿಸಿದರು. ಮುಂದಿನ ಸೋಮವಾರ ರೇಣುಕಯ್ಯನ ಪಾಠ ಪರೀಕ್ಷಿಸಲು ಶಾಲಾ ಇನ್ಸ್‌ಪೆಕ್ಟರು ಬರುವವರಿದ್ದರು. ಅಷ್ಟರಲ್ಲಿ ಮಕ್ಕಳು ವಾಪಸ್ಸು ಬಾರದಿದ್ದರೆ ಮೇಷ್ಟ್ರ ಕೆಲಸ ಕೈತಪ್ಪಿದಂತೆಯೇ.

ರೇಣುಕಯ್ಯ ಕಾಡಸಿದ್ದಪ್ಪನ ಮನೆಗೆ ಹೋದ. “ಬೇಸಾಯ ಕಲಿತರೆ ನಿಮ್ಮ ಮಗನಿಗೇ ಒಳ್ಳೆಯದಲ್ಲವೆ?” ಎಂದ.

“ಅಲ್ಲ ಮೇಷ್ಟ್ರೇ, ತಪ್ಪು ಮಾಡ್ದೋರ್ಗೆ ನೀವು ಗುದ್ದಲಿ ಕೊಡ್ತೀರಿ. ನಾನು ಹುಟ್ದಾಗ್ನಿಂದ ಗುದ್ದಲೀನೇ ಹಿಡ್ದಿವ್ನಿ. ನಾನೇನು ತಪ್ಪು ಮಾಡಿದ್ದೆ, ಹೇಳಿ?”

ರೇಣುಕಯ್ಯನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಎದುರುಮನೆಯ ಕರಿಬಸಮ್ಮ ಇದನ್ನೆಲ್ಲ ಕೇಳಿಸಿಕೊಂಡಳು. ಕಳೆ ಕೀಳುವ ಮೂವತ್ತು ಹೆಂಗಸರನ್ನು ಕರೆದೊಯ್ದು ಕೆಲಸ ಮಾಡಿಸುವ ಗಟ್ಟಿಗಿತ್ತಿ ಅವಳು.

“ನಾಳೆ ನಮ್ ಜತೆ ಹೊಲಕ್ಕೆ ಬನ್ನಿ ಮೇಷ್ಟ್ರೇ. ಮೂವತ್ತು ಬಾಯಿ ಹೆಂಗೆ ಸುಧಾರುಸ್ತೀನಿ ನೋಡೀರಂತೆ” ಎಂದಳು.

ಮರುದಿನ ಬೆಳಿಗ್ಗೆ ಹೋಗಿ ನೋಡಿದ. ಆಳಿಗೊಂದು ಸಾಲು. ಜಗಳಗಂಟಿಯರಿಬ್ಬರು ಹೊಲದ ಆ ಕೊನೆಗೊಬ್ಬಳು, ಈ ಕೊನೆಗೊಬ್ಬಳು. ಬೇಗ ಮುಗಿಸಿದವಳು ಪಕ್ಕದವಳ ಸಾಲನ್ನು ಆಚೆ ತುದಿಯಿಂದ ಹಿಡಿಯುತ್ತಿದ್ದಳು. ಕರಿಬಸಮ್ಮನೂ ಒಂದು ಸಾಲು ಹಿಡಿದು ಬಗ್ಗಿದ್ದಳು.

“ಬದುವಿನ ಮೇಲೆ ನಿಂತ್ಕೊಂಡು ಕೂಗುದ್ರೆ ಯಾರೂ ಕೇಳಲ್ಲ ಕಣಪ್ಪ. ಇದು ನನ್ ಸಾಲು ಅಂತ ಅವ್ರಿಗೇ ಅನ್ನುಸ್ಬೇಕು. ಆಮೇಲೆ ಬೈಯೋ ಕೆಲ್ಸಾನೇ ಇಲ್ಲ” ಎಂದಳು.

ಕಲಿತೇ ತೀರುತ್ತೇನೆ ಎಂದು ರೇಣುಕಯ್ಯ ಪಟ್ಟು ಹಿಡಿದ. ಅಂದು ಸಂಜೆ ಒಂಬತ್ತು ಮನೆಗಳಿಗೂ ಹೋಗಿ, “ತಪ್ಪು ನನ್ನದು. ಇನ್ನು ಗುದ್ದಲಿ ಶಿಕ್ಷೆಗಲ್ಲ, ಪಾಠಕ್ಕೆ” ಎಂದು ಕೈಮುಗಿದ.

“ಆಯ್ತು, ಸೋಮವಾರದ ತನಕ ಕಳುಸ್ತೀನಿ. ಆಮೇಲೂ ಇಂಗೇ ಆದ್ರೆ ಬುಡುಸ್ಬುಡ್ತೀನಿ” ಎಂದು ಕಾಡಸಿದ್ದಪ್ಪ ಗೊಣಗಿಕೊಂಡೇ ಒಪ್ಪಿದ.

ಮಕ್ಕಳು ಬಂದರು. ಒಬ್ಬೊಬ್ಬನಿಗೂ ಒಂದು ಸಾಲು, ಸಾಲಿನ ತಲೆಗೆ ಅವನ ಹೆಸರು ಬರೆದ ಕಡ್ಡಿ. ಮೇಷ್ಟ್ರಿಗೂ ಒಂದು ಸಾಲು. ಮೊದಲ ದಿನ ಹೆಂಟೆ ಹಾರಿದವು. ರೇಣುಕಯ್ಯ ಕೂಗಲಿಲ್ಲ, ಎಸೆದವರಿಬ್ಬರನ್ನು ದೂರದೂರದ ಸಾಲಿಗೆ ಹಾಕಿದ. ಮೂರನೆಯ ದಿನಕ್ಕೆ ಮಕ್ಕಳೇ ತಮ್ಮ ಗಿಡ ಎಣಿಸತೊಡಗಿದರು.

ಸೋಮವಾರ ಇನ್ಸ್‌ಪೆಕ್ಟರು ಹೊಲದಲ್ಲಿ ನಿಂತಿದ್ದಾಗ ಕಾಡಸಿದ್ದಪ್ಪನ ಮಗ ತಡವಾಗಿ, ಅಳುತ್ತಾ ಓಡಿಬಂದ. ಅವನ ಸಾಲನ್ನು ಪಕ್ಕದ ಹುಡುಗ ಆಚೆ ತುದಿಯಿಂದ ಹಿಡಿದಿದ್ದ.

“ನನ್ ಸಾಲು ಸಾ, ನಾನೇ ಮುಗುಸ್ತೀನಿ!”

ಹಿಂದೆಯೇ ಏದುಸಿರು ಬಿಡುತ್ತಾ ಕಾಡಸಿದ್ದಪ್ಪ ಬಂದ. “ಇವನ್ನ ಬೈಬ್ಯಾಡಿ ಮೇಷ್ಟ್ರೇ. ದನ ಬುಟ್ಟು ಬಾ ಅಂತ ತಡ್ದೋನು ನಾನು. ದಾರಿ ಉದ್ದಕ್ಕೂ ಅತ್ಕೊಂಡೇ ಬಂದ. ಮೊದ್ಲು ಅವನ್ಗೊಂದು ಗುದ್ದಲಿ ಕೊಡಿ” ಎಂದ.

ಇನ್ಸ್‌ಪೆಕ್ಟರು ನಕ್ಕು, ರೇಣುಕಯ್ಯ ಪಾಸು ಎಂದು ಅಲ್ಲೇ ಬರೆದರು.

ಮೇಷ್ಟ್ರುಗಳೇ, ಬೇಸಾಯವನ್ನು ಶಿಕ್ಷೆಯನ್ನಾಗಿ ಮಾಡಬೇಡಿ. ಮಗುವಿಗೊಂದು ಸಾಲು ಕೊಡಿ, ನೀವೂ ಒಂದು ಹಿಡಿಯಿರಿ. ತಂದೆತಾಯಿಗಳೇ, ನೀವು ಸುಮ್ಮನೆ ಕೂರಬೇಡಿ. ನಾಳೆಯೇ ನಿಮ್ಮೂರ ಶಾಲೆಯ ಹೊಲಕ್ಕೆ ಹೋಗಿ, “ನಿನ್ನ ಸಾಲು ಯಾವುದು, ತೋರಿಸು” ಎಂದು ನಿಮ್ಮ ಮಗುವನ್ನು ಕೇಳಿ.